ಹೊಸಬರನ್ನು ಗೇಟಿನ ಬಳಿ ನಿಲ್ಲಿಸಬೇಡಿ



ಕಳೆದ ತಿಂಗಳು ಶಿವಮೊಗ್ಗದ ಚರ್ಚೊಂದರಲ್ಲಿ ಭಾನುವಾರದ ಬಲಿಪೂಜೆ ಮುಗಿದು ಎಲ್ಲರೂ ಅಂಗಳಕ್ಕೆ ಬಂದಿದ್ದೆವು. ಒಂದು ಗುಂಪಿನಲ್ಲಿ ಕೊಂಕಣಿ, ಇನ್ನೊಂದರಲ್ಲಿ ತಮಿಳು, ಕನ್ನಡದವರು ನಾವೊಂದು ಕಡೆ. ಗೇಟಿನ ಬಳಿ ಹುಡುಗಿಯೊಬ್ಬಳು ಒದ್ದೆ ಕೊಡೆ ಮಡಚಿಕೊಂಡು ಮೊಬೈಲ್ ನೋಡುತ್ತ ನಿಂತಿದ್ದಳು. ನನ್ನ ಹೆಂಡತಿ ಹೋಗಿ "ತಿಂಡಿ ಆಯ್ತೇನಮ್ಮಾ?" ಎಂದಾಗ ಅವಳ ಕಣ್ಣು ತುಂಬಿತು. ಕೇರಳದಿಂದ ಬಂದ ನರ್ಸ್. ಆರು ವಾರಗಳಿಂದ ತಪ್ಪದೆ ಪೂಜೆಗೆ ಬರುತ್ತಿದ್ದಾಳೆ. ಮಾತನಾಡಿಸಿದವರು ನಾವೇ ಮೊದಲಂತೆ! ನನಗೆ ನಿಜಕ್ಕೂ ನಾಚಿಕೆಯಾಯಿತು.

ನಮ್ಮ ಮನೆಯವರೂ ಒಂದು ಕಾಲಕ್ಕೆ ಹೊಸಬರೇ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಎಲ್ಲೆಲ್ಲಿಂದಲೋ ಜನರನ್ನು ಕರೆತಂದವು. ನಮ್ಮಪ್ಪನೂ ಹಾಗೇ ಬಂದವರು. ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯವರು ಮೊದಲ ದಿನವೇ ಸಾರು ಕೊಟ್ಟು, ಭಾನುವಾರ ಚರ್ಚಿಗೆ ಜೊತೆಗೇ ಕರೆದುಕೊಂಡು ಹೋಗಿದ್ದರಂತೆ. ಶಿವಮೊಗ್ಗ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1988ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಇಂಥ ಅಡುಗೆಮನೆಗಳು ಇಲ್ಲಿನ ಸಭೆಗಳನ್ನು ಕಟ್ಟಿದ್ದವು.

ಗುರುಗಳು ಪೀಠದಿಂದ ಸ್ವಾಗತ ಹೇಳಿದರೆ ಸಾಲದು. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ವಿಶ್ವಾಸಿಗಳಲ್ಲಿ ನನ್ನ ವಿನಂತಿ: ಬರುವ ಭಾನುವಾರ ಬೈಕ್ ಸ್ಟಾರ್ಟ್ ಮಾಡುವ ಮುನ್ನ ಒಬ್ಬ ಹೊಸಬರ ಹೆಸರು ಕೇಳಿ, ಮನೆಗೆ ಊಟಕ್ಕೆ ಕರೆಯಿರಿ.

– ಓದುಗ, ನ್ಯೂಟೌನ್, ಭದ್ರಾವತಿ