ಕಾನೂನಿಗೂ ಒಂದು ಹದ ಉಂಟು

ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬ ಮಾತನ್ನು ನಮ್ಮ ರೈತ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂಗಾರಿ ಜೋಳ ಯಾವಾಗ ಬಿತ್ತಬೇಕು, ಕಡಲೆಗೆ ನೆಲದಲ್ಲಿ ಎಷ್ಟು ಹಸಿ ಇರಬೇಕು ಎಂಬುದು ಹುನಗುಂದ, ಇಳಕಲ್ ಸೀಮೆಯ ಎರೆಹೊಲದ ರೈತನಿಗೆ ಕೈಮುಟ್ಟಿ ಗೊತ್ತು. ಆದರೆ ಕಾನೂನಿಗೂ ಇಂಥದೇ ಒಂದು ಹದ ಉಂಟು. ಅದು ತಪ್ಪಿದ ಮೇಲೆ ಎಷ್ಟು ದೊಡ್ಡ ವಕೀಲರನ್ನು ಹಿಡಿದರೂ ಬೆಳೆ ಕೈಗೆ ಬರುವುದು ಕಷ್ಟ ಎಂಬುದು ಬಹುಮಂದಿಗೆ ತಿಳಿದಿಲ್ಲ. ದುಡಿದು ತಿನ್ನುವ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಏರ್ಪಾಡು ನಮ್ಮ ದೇಶದಲ್ಲಿ ಇದೆ. ಆದರೆ ಆ ನೆರವು ಹೆಚ್ಚಾಗಿ ಮೊಕದ್ದಮೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತಿದೆ. ಅದು ಸಿಗಬೇಕಾದುದು ಕಾಗದಕ್ಕೆ ಸಹಿ ಬೀಳುವ ಮೊದಲು. ಈ ಲೇಖನದ ಅಭಿಪ್ರಾಯ ಇಷ್ಟೇ.

ಒಂದೇ ಮನೆ, ಹಲವು ದುಡಿಮೆ

ಇಳಕಲ್ ಎಂದೊಡನೆ ಟೋಪ ತೆನೆ ಸೆರಗಿನ ಸೀರೆ ನೆನಪಾಗುತ್ತದೆ, ಕೆಂಪು ಗ್ರಾನೈಟ್ ಕಲ್ಲು ನೆನಪಾಗುತ್ತದೆ. ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸುತ್ತಲಿನ ಒಕ್ಕಲುಮನೆಗಳನ್ನು ನೋಡಿರಿ. ಅಣ್ಣ ನಾಲ್ಕೆಕರೆ ಒಣಬೇಸಾಯ ನೋಡಿಕೊಂಡರೆ, ತಮ್ಮ ಮುಂಗಡ ಪಡೆದು ಮಗ್ಗದ ಮೇಲೆ ಕುಳಿತಿರುತ್ತಾನೆ. ಇನ್ನೊಬ್ಬ ಕಲ್ಲಿನ ಕ್ವಾರಿಗೆ ಹೋಗುತ್ತಾನೆ. ಹೆಣ್ಣುಮಕ್ಕಳು ಕಳೆ ತೆಗೆಯುವ ಕೂಲಿಗೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ಗುಳೆ ಹೋಗುವುದೂ ಉಂಟು. ಹೀಗೆ ದುಡಿಯುವ ಪ್ರತಿಯೊಬ್ಬರೂ ವರ್ಷದಲ್ಲಿ ಒಂದೆರಡು ಕಾಗದಗಳಿಗಾದರೂ ಸಹಿ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ಓದಿ ಒತ್ತುವವರು ಕಡಿಮೆ.

ಹದ ತಪ್ಪುವುದು ಹೇಗೆ?

ಕ್ವಾರಿಯಲ್ಲಿ ಕಲ್ಲು ಜಾರಿ ಕಾಲು ಮುರಿದವನನ್ನು ತೆಗೆದುಕೊಳ್ಳೋಣ. ಗುತ್ತಿಗೆದಾರ ಆಸ್ಪತ್ರೆಯ ಖರ್ಚು ಕೊಟ್ಟು, 'ಎಲ್ಲ ಚುಕ್ತಾ ಆಯಿತು' ಎಂದು ಬರೆಯಿಸಿಕೊಂಡರೆ ಸಂಸಾರ ಸುಮ್ಮನಾಗುತ್ತದೆ. ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕನಿಂದ ಪರಿಹಾರ ಪಡೆಯುವ ಹಕ್ಕು 1923ರಷ್ಟು ಹಿಂದಿನದು. ಅರ್ಜಿ ಹಾಕಲು ಇರುವ ಅವಧಿ 2 ವರ್ಷ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದಾದರೂ ಅದನ್ನೇ ನಂಬಿ ಕೂಡ್ರಲಾಗದು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವೂ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ ಎಂಬುದನ್ನು ಕೆಮ್ಮುತ್ತ ಮನೆ ಸೇರಿದ ಕೆಲಸಗಾರನಿಗೆ ಹೇಳುವವರಾರು?

ಸಾಲಕ್ಕೆ ಭದ್ರತೆಯೆಂದು ಬರಿ ಚೆಕ್ಕಿಗೆ ಸಹಿ ಹಾಕಿ ಕೊಡುವ ರೂಢಿ ಮಗ್ಗದವರಲ್ಲೂ ರೈತರಲ್ಲೂ ಇದೆ. ಆ ಚೆಕ್ಕು ಬ್ಯಾಂಕಿನಿಂದ ತಿರುಗಿ ಬಂದು, ಸಾಲ ಕೊಟ್ಟವನ ನೋಟೀಸು ಕೈಗೆ ಮುಟ್ಟಿದರೆ ಹಣ ಕಟ್ಟಲು ಇರುವುದು 15 ದಿನ ಮಾತ್ರ. ನಂತರ ಅದು ಶಿಕ್ಷೆಗೆ ಗುರಿಮಾಡಬಹುದಾದ ಮೊಕದ್ದಮೆಯಾಗುತ್ತದೆ. ನೋಟೀಸನ್ನು ಜಂತಿಯ ಸಂದಿಯಲ್ಲಿ ಸಿಕ್ಕಿಸಿಟ್ಟರೆ 15 ದಿನ ಕಳೆಯಲು ಎಷ್ಟು ಹೊತ್ತು? ಕಿರುಸಾಲದ ವಸೂಲಿಯಲ್ಲಿ ನಡೆಯುವ ದಬ್ಬಾಳಿಕೆಯನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂದಿದೆ. ಆದರೆ ಕಾಯಿದೆ ತಾನಾಗಿ ಬಂದು ಮನೆಯ ಬಾಗಿಲು ಕಾಯುವುದಿಲ್ಲ.

ಬೀಜ ಮೊಳೆಯದಿದ್ದರೆ ರೈತರು ಮಳೆಯನ್ನೋ ದೈವವನ್ನೋ ದೂರುತ್ತಾರೆ. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ಆತ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ದೂರು ಕೊಡಲು 2 ವರ್ಷ ಅವಕಾಶ ಉಂಟು. ಕೊಂಡ ಸರಕಿನ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಬಿಲ್ಲು, ಚೀಲ, ಚೀಟಿ ಉಳಿಸದೆ, ಬೆಳೆ ನಿಂತಿರುವಾಗಲೇ ಅಧಿಕಾರಿಗಳಿಂದ ಹೊಲದ ತಪಾಸಣೆ ಮಾಡಿಸದೆ ಹೋದರೆ ಆ 2 ವರ್ಷದಿಂದ ಪ್ರಯೋಜನವೇನು? ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವುದು ಮುಂತಾದ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕಾಗುತ್ತದೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಭೂಮಿ ಕೊಟ್ಟ ಬಾಗಲಕೋಟೆ ಜಿಲ್ಲೆಗೆ ಇನ್ನೊಂದು ಉದಾಹರಣೆ ತೀರ ಹತ್ತಿರದ್ದು. ಒಂದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡ ಇಬ್ಬರಲ್ಲಿ ಒಬ್ಬ ನ್ಯಾಯಾಲಯಕ್ಕೆ ಹೋಗಿ ಹೆಚ್ಚಿನ ಪರಿಹಾರ ಪಡೆದರೆ, ಹಣವಿಲ್ಲದೆ ಮನೆಯಲ್ಲೇ ಉಳಿದ ಇನ್ನೊಬ್ಬನೂ ಆ ತೀರ್ಪಿನ ಆಧಾರದ ಮೇಲೆ ತನ್ನ ಪರಿಹಾರವನ್ನು ಮರುನಿರ್ಧರಿಸಲು ಕೇಳಬಹುದು. 1984ರ ತಿದ್ದುಪಡಿಯಿಂದ ಬಂದ ಈ ಹಕ್ಕು 2013ರ ಹೊಸ ಭೂಸ್ವಾಧೀನ ಕಾಯಿದೆಯ 73ನೇ ಕಲಮಿನಲ್ಲಿಯೂ ಉಳಿದಿದೆ. ಬಡವನಿಗಾಗಿಯೇ ಇಟ್ಟ ಬಾಗಿಲು ಇದು. ಆದರೆ ತೀರ್ಪಿನ ದಿನದಿಂದ 3 ತಿಂಗಳೊಳಗೆ ಅರ್ಜಿ ಕೊಡಬೇಕು. ತೀರ್ಪು ಬಂದ ಸುದ್ದಿ ಊರಿಗೆ ತಲುಪುವುದರೊಳಗೆ ಬಾಗಿಲು ಮುಚ್ಚಿದರೆ ಯಾರನ್ನು ದೂರುವುದು?

ಸರಕಾರ ಕೊಟ್ಟಿರುವುದೇನು?

ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 39-ಎ ಅನುಚ್ಛೇದ ಸೇರಿತು. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಬಡ ಆರೋಪಿಗೆ ಉಚಿತ ವಕೀಲರನ್ನು ಒದಗಿಸುವುದು ದಯೆಯಲ್ಲ, ಹಕ್ಕು ಎಂಬ ತತ್ತ್ವವನ್ನು ಎತ್ತಿಹಿಡಿದರು. ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1987ರಲ್ಲಿ ಆಗಿ, 1995ರ ನವೆಂಬರ್ 9ರಿಂದ ಜಾರಿಗೆ ಬಂದಿತು. ಇದರಂತೆ ಜಿಲ್ಲಾ ನ್ಯಾಯಾಲಯದ ಮಟ್ಟದಲ್ಲಿ ಪ್ರಾಧಿಕಾರವೂ ತಾಲ್ಲೂಕು ಮಟ್ಟದಲ್ಲಿ ಸಮಿತಿಗಳೂ ಇವೆ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ ಬರಗಳಿಗೆ ತುತ್ತಾದವರು ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂ. ಮೀರಿರಬಾರದು. 2019ರಲ್ಲಿ ಮಲಪ್ರಭೆ ಉಕ್ಕಿ ಬದಾಮಿ, ಹುನಗುಂದ ಭಾಗದ ಹೊಲಮನೆಗಳಿಗೆ ನುಗ್ಗಿದಾಗ ಹಾನಿಗೊಳಗಾದ ಪ್ರತಿಯೊಬ್ಬರೂ ಈ ನೆರವು ಕೇಳಬಹುದಾಗಿತ್ತು. ಕೂಲಿಗೆ ಹೋಗುವ ಹೆಣ್ಣುಮಗಳು ಆದಾಯದ ದಾಖಲೆ ತರಬೇಕಾಗಿಲ್ಲ. ಎಲ್ಲಕ್ಕೂ ಮುಖ್ಯವಾಗಿ, ಕಾಯಿದೆಯು ಹೇಳುವ 'ಕಾನೂನು ಸೇವೆ'ಯಲ್ಲಿ ದಾವೆ ನಡೆಸುವುದಷ್ಟೇ ಅಲ್ಲ, ಕಾನೂನಿನ ವಿಷಯವಾಗಿ ಸಲಹೆ ಕೊಡುವುದೂ ಸೇರಿದೆ. ಹಳ್ಳಿಗಳಲ್ಲಿ, ಕಾರ್ಮಿಕರ ಕೇರಿಗಳಲ್ಲಿ ಶಿಬಿರ ನಡೆಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.

ವಕೀಲರು ಸಂತೆಗೆ ಬರಲಿ

ಇಷ್ಟೆಲ್ಲ ಇದ್ದೂ ಜನ ಏಕೆ ಹೋಗುವುದಿಲ್ಲ? ನ್ಯಾಯಾಲಯಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ರಾಜ್ಯದಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿರಬಹುದು, ಕೂಲಿ ಉಳಿಯಲಿಲ್ಲ. ಮಗ್ಗ ನಿಂತರೆ ಸೀರೆ ನಿಲ್ಲುತ್ತದೆ. ಮೇಲಾಗಿ, ಪುಕ್ಕಟೆ ವಕೀಲರು ಪುಕ್ಕಟೆಯಷ್ಟೇ ಕೆಲಸ ಮಾಡುತ್ತಾರೆಂಬ ಅಪನಂಬಿಕೆ ಬೇರೆ. ಈ ಅಪನಂಬಿಕೆಯನ್ನು ಭಾಷಣದಿಂದ ಹೋಗಲಾಡಿಸಲಾಗದು, ಕೆಲಸದಿಂದ ಮಾತ್ರ ಸಾಧ್ಯ.

ಕೃಷಿ ವಿಸ್ತರಣೆಯ ಅನುಭವ ಇಲ್ಲಿ ದಾರಿ ತೋರಿಸಬಲ್ಲದು. ರೈತ ವಿಶ್ವವಿದ್ಯಾನಿಲಯಕ್ಕೆ ಬರಲಿ ಎಂದು ಕಾಯ್ದು ಕುಳಿತಿದ್ದರೆ ಸುಧಾರಿತ ತಳಿಗಳು ಸಂಶೋಧನಾ ಕೇಂದ್ರದ ಬೇಲಿಯನ್ನು ದಾಟುತ್ತಿರಲಿಲ್ಲ. ವಿಸ್ತರಣಾ ಕಾರ್ಯಕರ್ತರು ಹೊಲಕ್ಕೆ ಹೋದರು. ಹಾಗೆಯೇ ವಕೀಲರೂ ಬರಲಿ. ಇಳಕಲ್ಲಿನ ಸಂತೆಯ ದಿನ ಒಂದು ಮೇಜು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತಿಂಗಳಿಗೊಂದು ದಿನ, ನೇಕಾರರ ಓಣಿಯಲ್ಲಿ ಒಂದು ಸಂಜೆ, ಇಷ್ಟು ಸಾಕು. ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲೇ, ಶುಲ್ಕ ಕೊಡಲಾರದ ಬಡವರಿಗೆ ತಮ್ಮ ಅನುಕೂಲದ ಮಿತಿಯಲ್ಲಿ ಉಚಿತವಾಗಿ ನೆರವಾಗುವುದು ವಕೀಲರ ಅತ್ಯುನ್ನತ ಕರ್ತವ್ಯಗಳಲ್ಲಿ ಒಂದೆಂದು ಬರೆದಿದೆ. ತಿಂಗಳಿಗೆ ಒಂದು ದಿನ ಕೇಳಿದರೆ ಅದು ಹೆಚ್ಚಲ್ಲ.

ಇದರಿಂದ ವ್ಯಾಜ್ಯಗಳು ಹೆಚ್ಚುತ್ತವೆ ಎನ್ನುವವರು ಉಂಟು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನೂ ಅವರು ಹೇಳುತ್ತಾರೆ. ಗಾದೆ ಸುಳ್ಳಲ್ಲ. ಆದರೆ ವ್ಯಾಜ್ಯ ಹುಟ್ಟುವುದು ತಿಳಿವಳಿಕೆಯಿಂದಲ್ಲ, ತಿಳಿಯದೆ ಒತ್ತಿದ ಹೆಬ್ಬೆಟ್ಟಿನಿಂದ. ರೋಗ ಬಾರದಂತೆ ಬೀಜೋಪಚಾರ ಮಾಡುವುದು ಬೆಳೆಗೆ ರೋಗ ತಗುಲಿದ ಮೇಲೆ ಔಷಧ ಹೊಡೆಯುವುದಕ್ಕಿಂತ ಅಗ್ಗ. ಲೋಕ ಅದಾಲತ್ತಿನ ರಾಜಿಯೂ ಒಳ್ಳೆಯದೇ. ಅಲ್ಲಿ ದಾವೆ ಮುಗಿದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಕ್ಕೆ ಬರುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲು ಇಲ್ಲ. ಆದುದರಿಂದ ರಾಜಿಗೆ ಒಪ್ಪುವ ಮೊದಲೇ ತನ್ನ ಹಕ್ಕು ಎಷ್ಟೆಂದು ಬಡವನಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ಮಾಡಿಕೊಂಡ ರಾಜಿ ರಾಜಿಯಲ್ಲ, ಸೋಲು.

ರೈತರು ಮಾಡಬೇಕಾದುದೂ ಇದೆ. ಬರಿ ಕಾಗದಕ್ಕೆ, ಬರಿ ಚೆಕ್ಕಿಗೆ ಸಹಿ ಹಾಕಬೇಡಿರಿ. ಉತಾರ, ಬೀಜ ಗೊಬ್ಬರದ ಬಿಲ್ಲು, ವಿಮೆಯ ರಸೀದಿ, ಕೂಲಿಯ ಲೆಕ್ಕ ಇವನ್ನು ಒಂದೇ ಚೀಲದಲ್ಲಿಡಿರಿ. ನೋಟೀಸು ಬಂದ ದಿನವೇ ಓದಿಸಿರಿ. ಗ್ರಾಮ ಪಂಚಾಯತಿಯವರು, ಸಹಕಾರ ಸಂಘದವರು, ನೇಕಾರ ಸಂಘದವರು ಕೂಡಿ ತಮ್ಮೂರಿನಲ್ಲಿ ಶಿಬಿರ ನಡೆಸಬೇಕೆಂದು ತಾಲ್ಲೂಕು ಸಮಿತಿಗೆ ಬರೆದುಕೊಡಿರಿ. ಕೇಳುವವರಿದ್ದರೆ ಕೊಡುವವರು ಬರುತ್ತಾರೆ. ಮುಂದಿನ ಹಿಂಗಾರಿಯ ಬಿತ್ತನೆಗೆ ಮೊದಲು ಇಂಥ ಒಂದು ಶಿಬಿರವಾದರೂ ಪ್ರತಿ ಹೋಬಳಿಯಲ್ಲಿ ನಡೆದರೆ, ಎಷ್ಟೋ ಮನೆಗಳ ಹೊಲ, ಮಗ್ಗ, ಮರ್ಯಾದೆಗಳು ಉಳಿಯುವುದರಲ್ಲಿ ಸಂದೇಹವಿಲ್ಲ.