ಮಾತು ಬಿದ್ದವನ ಹಕ್ಕು

ಲಕ್ವ ಹೊಡೆದವನ ಕೈಕಾಲು ನೋಡಲು ಊರೆಲ್ಲ ಬರುತ್ತದೆ. ಬಿದ್ದುಹೋದ ಅವನ ಮಾತನ್ನು ವಿಚಾರಿಸುವವರು ಕಡಿಮೆ. "ಇನ್ನು ಅವನಿಗೇನೂ ತಿಳಿಯುವುದಿಲ್ಲ" ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಅಂಗಡಿಯ ಬೀಗದ ಕೈ, ಲೆಕ್ಕದ ಪುಸ್ತಕ ಬೇರೆಯವರ ಪಾಲಾಗುತ್ತವೆ. ಇದು ಅಜ್ಞಾನದಿಂದ ನಡೆಯುವ ಅನ್ಯಾಯ.

ಮಾತು ಹೋದ ಮಾತ್ರಕ್ಕೆ ಬುದ್ಧಿ ಹೋಗುವುದಿಲ್ಲ. ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳು ಮೆದುಳಿನ ಎಡಭಾಗದಲ್ಲಿವೆ. ಅಲ್ಲಿ ರಕ್ತದ ಓಟ ಕಟ್ಟಿದರೆ ಬಲಗೈಯೊಡನೆ ಮಾತೂ ಬೀಳಬಹುದು. ಎದುರಿಗಿರುವುದು ಅಡಿಕೆಯೆಂದು ಬಲ್ಲವನಿಗೂ ಆ ಪದ ಬಾಯಿಗೆ ಬಾರದು. ಅಂಥವರಲ್ಲಿ ಕೆಲವರು ಒಂದರಿಂದ ಹತ್ತು ಎಣಿಸಬಲ್ಲರು, ಭಜನೆ ಹಾಡಬಲ್ಲರು. ಉಳಿದ ಆ ಎಳೆಯನ್ನೇ ಹಿಡಿದು, ಚಿತ್ರ ತೋರಿಸಿ, ಹೆಸರು ಹೇಳಿಸಿ, ಅಭ್ಯಾಸ ಮಾಡಿಸುವುದೇ ವಾಕ್ ಚಿಕಿತ್ಸೆ. ಪಾರ್ಕಿನ್ಸನ್ ರೋಗದಿಂದ ದನಿ ಕುಗ್ಗಿದವರಿಗೂ ಇದು ಬೇಕು. ಲಕ್ವದ ನಂತರದ ಮೊದಲ ತಿಂಗಳುಗಳಲ್ಲಿ ಫಲ ಹೆಚ್ಚು, ತಡವಾದರೂ ವ್ಯರ್ಥವಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಮೈಸೂರಿನಲ್ಲೇ ಹುಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಆದರೆ ವಾರವಾರವೂ ಆಗಬೇಕಾದ ಚಿಕಿತ್ಸೆಗೆ ಯಲ್ಲಾಪುರದ ಹಮಾಲನು ರಾತ್ರಿಯಿಡೀ ಬಸ್ಸಿನಲ್ಲಿ ಹೋಗಬಲ್ಲನೇ? ಶಿರಸಿಯ ಗಿರಣಿ ಕೂಲಿಗಾರನು, ಜೊತೆಗೆ ಬರುವ ಹೆಂಡತಿಯ ದಿನಗೂಲಿಯನ್ನೂ ಕಳೆದುಕೊಂಡು, ಎಷ್ಟು ಸಲ ಹೋದಾನು? ಸಿದ್ದಾಪುರಕ್ಕೆ ನೆರೆಯ ಸಾಗರದ ಉಪವಿಭಾಗ ಆಸ್ಪತ್ರೆಯಲ್ಲಿ ಮೈಸೂರಿನ ಅದೇ ಸಂಸ್ಥೆ ಸೇವಾಕೇಂದ್ರ ತೆರೆದು ದಾರಿ ತೋರಿಸಿತು. ಅಲ್ಲಿ ಸಾಧ್ಯವಾದದ್ದು ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಏಕೆ ಸಾಧ್ಯವಾಗದು?

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ನರಸಂಬಂಧಿ ಕಾರಣದಿಂದ ಉಳಿದುಬಿಡುವ ಮಾತಿನ ಮತ್ತು ಭಾಷೆಯ ನ್ಯೂನತೆಯನ್ನು ಅಂಗವೈಕಲ್ಯವೆಂದು ಒಪ್ಪಿದೆ. ಆದುದರಿಂದ ನಾವು ಬೇಡುತ್ತಿರುವುದು ದಾನವಲ್ಲ, ಹಕ್ಕು. ಶಿರಸಿಯ ಸರಕಾರಿ ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕರ ಖಾಯಂ ಹುದ್ದೆ ಇರಬೇಕು. ಸಿದ್ದಾಪುರ ಮತ್ತು ಯಲ್ಲಾಪುರದ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಗೊತ್ತುಪಡಿಸಿ, ಅದನ್ನು ಪ್ರತಿ ಪಂಚಾಯತಿಯ ಫಲಕದಲ್ಲಿ ಬರೆದು ಹಾಕಬೇಕು.

ಮನೆಯವರಿಗೂ ಒಂದು ಮಾತು. ರೋಗಿಯ ಪರವಾಗಿ ನೀವೇ ಮಾತು ಮುಗಿಸಬೇಡಿ. ಚಿಕ್ಕ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ.

ಮಾತು ಬಿದ್ದವನು ಸಭೆಯಲ್ಲಿ ಎದ್ದು ಕೇಳಲಾರ, ಮೆರವಣಿಗೆಯಲ್ಲಿ ಘೋಷಣೆ ಕೂಗಲಾರ. ಅವನ ಪಾಲಿನ ಘೋಷಣೆಯನ್ನು ಕೂಗಬೇಕಾದವರು ಗಿರಣಿಯ ಸಂಗಾತಿಗಳು, ಪೇಟೆಯ ವರ್ತಕ ಬಂಧುಗಳು. ಮುಂದಿನ ತಾಲೂಕು ಸಭೆಗಳಲ್ಲಿ ಈ ಬೇಡಿಕೆಯೇ ಮೊದಲು ಬರಲಿ.