ಪದಬಂಧದ ಉತ್ತರವೂ ಅದರ ಉಪಪತ್ತಿಯೂ

ಕಳೆದ ತಿಂಗಳು ನನ್ನ ಮೊಮ್ಮಗಳು ಒಂದು ವಾರಪತ್ರಿಕೆಯನ್ನು ಹಿಡಿದು ನನ್ನೆದುರಿಗೆ ಬಂದು ನಿಂತಳು. ಹಿಂದಿನ ಸಂಚಿಕೆಯ ಪದಬಂಧದ ಉತ್ತರಗಳು ಅದರಲ್ಲಿ ಅಚ್ಚಾಗಿದ್ದುವು. “ತಾತ, ‘ನೀರು’ ಎಂಬ ಸುಳಿವಿಗೆ ‘ಜಲ’ ಎಂದು ಕೊಟ್ಟಿದ್ದಾರೆ. ನಾನು ‘ತೋಯ’ ಎಂದು ಬರೆದಿದ್ದೆ. ಅದೇಕೆ ತಪ್ಪು?” ಎಂದು ಕೇಳಿದಳು. ಅಡ್ಡವಾಗಿ ಬರುವ ಪದಕ್ಕೆ ಅದು ಹೊಂದುವುದಿಲ್ಲವೆಂದು ಹೇಳಿ ತಪ್ಪಿಸಿಕೊಂಡೆನು. ಆದರೆ ನೆರೆಮನೆಗೆ ಹೊಂದದಿರುವುದು ಬೇರೆ, ತಪ್ಪಾಗಿರುವುದು ಬೇರೆ. ಹುಡುಗಿಗೆ ಸಮಾಧಾನವಾಗಲಿಲ್ಲ, ನಿಜವನ್ನು ಹೇಳಬೇಕಾದರೆ, ನನಗೂ ಆಗಲಿಲ್ಲ.

ಅಮರಸಿಂಹನು ವಾರಿವರ್ಗದಲ್ಲಿ ನೀರಿಗೆ ಕೊಟ್ಟಿರುವ ಹೆಸರುಗಳಲ್ಲಿ ಎರಡಕ್ಷರದವೇ ಎಷ್ಟು! ವಾರಿ, ಜಲ, ತೋಯ, ನೀರ, ಅಂಬು, ಇವುಗಳ ಜೊತೆಗೆ ವನ ಎಂಬುದೂ ಉಂಟು. ಇಷ್ಟರೊಳಗೆ ಒಂದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ‘ನೀರು’ ಎಂದು ಕೇಳುವವನು ಬುದ್ಧಿಯನ್ನು ಪರೀಕ್ಷಿಸುವುದಿಲ್ಲ. ತನ್ನ ಮನಸ್ಸನ್ನು ಊಹಿಸೆಂದು ಪೀಡಿಸುತ್ತಾನೆ. ಅದೇ ಸುಳಿವನ್ನು ‘ಹೊಸತನ್ನು ಹಿಂದುಮುಂದಾಗಿ ಓದಿದರೆ ನೀರು’ ಎಂದು ಕಟ್ಟಿದ್ದರೆ? ಹೊಸತೆಂದರೆ ನವ, ತಿರುಗಿಸಿದರೆ ವನ, ವನವೆಂದರೆ ಕಾಡಷ್ಟೇ ಅಲ್ಲ, ನೀರೂ ಹೌದು. ಇಲ್ಲಿ ‘ತೋಯ’ಕ್ಕೆ ಎಡೆಯಿಲ್ಲ. ತಪ್ಪು ಏಕೆ ತಪ್ಪೆಂಬುದು ಮಗುವಿಗೂ ತಿಳಿಯುವುದು.

ಆದುದರಿಂದ ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಪದಬಂಧವನ್ನು ಅಚ್ಚುಹಾಕುವವರು ಉತ್ತರದೊಡನೆ ಅದರ ಉಪಪತ್ತಿಯನ್ನೂ ಅಚ್ಚುಹಾಕತಕ್ಕದ್ದು. ಉಪಪತ್ತಿಯನ್ನು ಹೇಳಲಾಗದ ಸುಳಿವನ್ನು ಅಚ್ಚುಹಾಕಲೇ ಕೂಡದು.

ಇದಕ್ಕೆ ನಮ್ಮ ಮಿತ್ರರು ಮೂರು ಆಕ್ಷೇಪಗಳನ್ನು ಹೇಳುತ್ತಾರೆ.

ಮೊದಲನೆಯದು, ಇದು ಪರದೇಶದ ಆಟ, ಇದಕ್ಕೆ ಇಷ್ಟು ಶಾಸ್ತ್ರವೇಕೆ ಎಂಬುದು. ಮನೆಗಳ ಚೌಕಟ್ಟು ಪರದೇಶದ್ದೆಂಬುದು ದಿಟ. ೧೯೧೩ನೆಯ ಇಸವಿ ಡಿಸೆಂಬರ್ ೨೧ರಂದು ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊದಲ ಪದಬಂಧವನ್ನು ಪ್ರಕಟಿಸಿದರು. ಅದನ್ನು ಗೂಢೋಕ್ತಿಯ ಆಟವಾಗಿ ಮಾಡಿದವರು ಆಂಗ್ಲರು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ೧೯೩೦ರ ಫೆಬ್ರವರಿ ೧ರಿಂದ ಅದು ಬರತೊಡಗಿತು. ಆದರೆ ಗಂಟು ಹಾಕುವ ಕಲೆ ಪರದೇಶದ್ದಲ್ಲ. ವಾತ್ಸ್ಯಾಯನನು ಅರವತ್ತನಾಲ್ಕು ಕಲೆಗಳೊಳಗೆ ಪ್ರಹೇಲಿಕೆಯನ್ನು ಎಣಿಸಿದ್ದಾನೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪೂರ್ವಾಚಾರ್ಯರು ಹೇಳಿದ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ವಿವರಿಸಿ, ಅವರೇ ದುಷ್ಟವೆಂದು ಹೇಳಿದ ಹದಿನಾಲ್ಕು ಬೇರೆ ಇವೆಯೆಂದು ಎಚ್ಚರಿಸಿದ್ದಾನೆ. ಒಗಟಿನಲ್ಲಿಯೂ ಸಾಧು ಅಸಾಧುಗಳುಂಟೆಂಬ ವಿವೇಕವನ್ನು ಇಲ್ಲಿ ನೋಡಬೇಕು. ಇಂಗ್ಲೆಂಡಿನಲ್ಲಿ ಜಿಮನೀಜ್ ಎಂಬ ಹೆಸರಿನಿಂದ ಪದಬಂಧಗಳನ್ನು ರಚಿಸುತ್ತಿದ್ದ ಮ್ಯಾಕ್‌ನಟ್ ಎಂಬ ಉಪಾಧ್ಯಾಯರು ಸುಳಿವಿನ ನ್ಯಾಯಾನ್ಯಾಯಗಳನ್ನು ಕುರಿತು ಗ್ರಂಥ ಬರೆದದ್ದು ೧೯೬೬ರಲ್ಲಿ.

ಆ ನ್ಯಾಯವಾದರೂ ಸರಳವಾದದ್ದು. ಗೂಢವಾದ ಸುಳಿವಿಗೆ ಎರಡು ಅಂಗಗಳು. ಒಂದು ಉತ್ತರದ ಅರ್ಥವನ್ನು ಹೇಳುವುದು. ಇನ್ನೊಂದು ಆ ಪದವನ್ನು ಕಟ್ಟುವ ಬಗೆಯನ್ನು ಹೇಳುವುದು. ‘ತಲೆ ಕಡಿದ ಯುದ್ಧ ನೆರಳು ಕೊಡುವುದು’ ಎಂದರೆ, ಸಮರದ ಮೊದಲಕ್ಷರವನ್ನು ತೆಗೆದರೆ ಮರ. ‘ತೆರಿಗೆಯ ಹಿಂದೆ ಶೂರನು ಬಂದರೆ ಕಣಗಿಲೆ’ ಎಂದರೆ, ಕರವೂ ವೀರನೂ ಕೂಡಿ ಕರವೀರ. ‘ಕಳವಳದ ಬೆನ್ನಿಗೆ ರತ್ನ ಬಂದರೆ ನಮ್ಮ ಜಿಲ್ಲೆಯ ಊರು’ ಎಂದರೆ ಯಾವುದೆಂದು ಚಿಂತಾಮಣಿಯ ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಎರಡು ದಾರಿಗಳಿಂದ ಹೊರಟು ಒಂದೇ ಮನೆಗೆ ಸೇರಿದಾಗ ‘ಇದೇ ಸರಿ’ ಎಂಬ ನಿಶ್ಚಯ ಹುಟ್ಟುತ್ತದೆ. ಆ ನಿಶ್ಚಯಕ್ಕೆ ಉತ್ತರಪಟ್ಟಿಯ ಸಾಕ್ಷ್ಯವೇ ಬೇಕಿಲ್ಲ.

ಎರಡನೆಯ ಆಕ್ಷೇಪ ಪಂಡಿತರದು. ಪ್ರಹೇಲಿಕೆಯು ರಸಕ್ಕೆ ವಿರೋಧಿಯಾದ್ದರಿಂದ ಅದು ಅಲಂಕಾರವೇ ಅಲ್ಲವೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹೇಳಿಲ್ಲವೇ ಎನ್ನುತ್ತಾರೆ. ಹೇಳಿದ್ದಾನೆ. ಆದರೆ ಅವನು ಹೇಳಿದ್ದು ಕಾವ್ಯದ ವಿಚಾರ. ಪದಬಂಧದಲ್ಲಿ ಶೃಂಗಾರ ಕರುಣಗಳನ್ನು ಹುಡುಕುವವರು ಯಾರು? ಕಾವ್ಯವು ಶಾಸ್ತ್ರದಂತೆ ವ್ಯಾಖ್ಯಾನದಿಂದಲೇ ತಿಳಿಯುವಂತಾದರೆ ಬುದ್ಧಿವಂತರಿಗೆ ಹಬ್ಬ, ಮಂದಮತಿಗಳಿಗೆ ಮರಣವೆಂದು ಭಾಮಹನು ಮರುಗಿದ್ದಾನೆ. ಅದೇ ನನ್ನ ಮಾತಿಗೆ ಆಧಾರ. ವ್ಯಾಖ್ಯಾನವನ್ನು ಬಚ್ಚಿಟ್ಟುಕೊಂಡರೆ ಹಬ್ಬ ನಾಲ್ವರದೇ ಆಗಿ ಉಳಿಯುವುದು. ಎಲೆಯನ್ನು ಎಲ್ಲರ ಮುಂದೆಯೂ ಹಾಸಬೇಕೆಂದು ಕೇಳುತ್ತಿದ್ದೇನೆ.

ಮೂರನೆಯದು, ವಿವರಿಸಿದರೆ ಸ್ವಾರಸ್ಯ ಕೆಡುವುದೆಂಬುದು. ಇದಕ್ಕೆ ನಮ್ಮ ಸೀಮೆಯ ಹೆಸರಿನೊಡನೆ ಬೆರೆತಿರುವ ಕಥೆಯಿಂದಲೇ ಉತ್ತರ ಹೇಳುತ್ತೇನೆ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದ ಅರಳಿಯನ್ನು ವಿದುರನಿಗೆ ಸೇರಿದ್ದೆಂದು ಸ್ಥಳಪುರಾಣವು ಹೇಳುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಪಾಂಡವರು ಅಡಗಿದ್ದ ಏಕಚಕ್ರಪುರವೆಂದೂ ನಮ್ಮವರ ನಂಬಿಕೆ. ವ್ಯಾಸಭಾರತದ ಆದಿಪರ್ವದಲ್ಲಿ ಪಾಂಡವರು ವಾರಣಾವತಕ್ಕೆ ಹೊರಟಾಗ ವಿದುರನು ತುಂಬಿದ ಜನರ ನಡುವೆ ಧರ್ಮರಾಯನಿಗೆ ಗೂಢವಾಗಿ ಮಾತನಾಡುತ್ತಾನೆ. ಲೋಹದ್ದಲ್ಲದೆ ದೇಹವನ್ನು ಕೊಯ್ಯುವ ಆಯುಧ, ಚಳಿಯನ್ನು ಕಳೆಯುವುದಾದರೂ ಬಿಲದೊಳಗಿರುವವರನ್ನು ಸುಡಲಾರದ್ದು, ಮುಳ್ಳುಹಂದಿಯ ಬಿಲ, ನಕ್ಷತ್ರಗಳಿಂದ ದಿಕ್ಕನ್ನು ತಿಳಿಯುವುದು, ಹೀಗೆ. ಧರ್ಮರಾಯನು ತಿಳಿಯಿತೆಂದಷ್ಟೇ ಹೇಳುತ್ತಾನೆ. ಜನರೆಲ್ಲ ಹಿಂದಿರುಗಿದ ಮೇಲೆ ಕುಂತಿಯು, ನೀವಿಬ್ಬರೂ ಆಡಿದ್ದು ನಮಗೆ ತಿಳಿಯಲಿಲ್ಲ, ಹೇಳಬಹುದಾದರೆ ಹೇಳು ಎಂದು ಕೇಳುತ್ತಾಳೆ. ಸ್ವಾರಸ್ಯ ಕೆಡುವುದೆಂದು ಅವನು ಸುಮ್ಮನಾದನೇ? ಮನೆಗೆ ಬೆಂಕಿಯ ಭಯವುಂಟು, ದಾರಿಗಳೆಲ್ಲ ತಿಳಿದಿರಬೇಕು ಎಂದು ತಾಯಿಗೆ ಬಿಡಿಸಿ ಹೇಳಿದನು. ಒಗಟನ್ನು ಒಬ್ಬನು ಬಿಡಿಸಿದನು. ಆದರೆ ಅರಗಿನ ಮನೆಯಲ್ಲಿ ಮಲಗಬೇಕಾದವರು ಆರು ಮಂದಿ.

ಕನ್ನಡದಲ್ಲಿಯೂ ಅದೇ ಪದ್ಧತಿ. ಅಲ್ಲಮನ ಬೆಡಗಿನ ವಚನಗಳಿಗೆ ಟೀಕೆ ಹುಟ್ಟಿತು. ಕನಕದಾಸರ ಮುಂಡಿಗೆಗಳಿಗೆ ಅರ್ಥ ಹೇಳುವವರು ಇಂದಿಗೂ ಇದ್ದಾರೆ. ಅರ್ಥ ಹೇಳಿದ್ದರಿಂದ ಅವುಗಳ ಸ್ವಾರಸ್ಯವೇನೂ ಬತ್ತಲಿಲ್ಲ. ೨೦೦೭ರಲ್ಲಿ ನಮ್ಮ ಜಿಲ್ಲೆ ಬೇರೆಯಾಗುವವರೆಗೆ ನಾವು ಯಾವ ಕೋಲಾರಕ್ಕೆ ಸೇರಿದ್ದೆವೋ, ಆ ಕೋಲಾರ ಸೀಮೆಯ ಅಬ್ಬಣಿಯಲ್ಲಿ ಹುಟ್ಟಿದ ಶ್ರೀ ಅ. ನಾ. ಪ್ರಹ್ಲಾದರಾಯರು ಸಹಸ್ರಾರು ಕನ್ನಡ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಗಳ ಪುಸ್ತಕವನ್ನು ಸೇರಿದರು. ನಮ್ಮ ಭಾಷೆ ಈ ಆಟಕ್ಕೆ ಒಗ್ಗುವುದೋ ಇಲ್ಲವೋ ಎಂಬ ಸಂಶಯಕ್ಕೆ ಇನ್ನು ಎಡೆಯಿಲ್ಲ. ಇಂಗ್ಲಿಷಿನಲ್ಲಿ ಬಿಡಿ ವರ್ಣವೊಂದಕ್ಕೆ ಒಂದು ಮನೆ. ನಮ್ಮಲ್ಲಿ ಒತ್ತು ಗುಣಿತಗಳೊಡನೆ ಇಡೀ ಅಕ್ಷರಕ್ಕೆ ಒಂದು ಮನೆ. ಪದವನ್ನು ಒಡೆದರೆ ತುಂಡುಗಳಲ್ಲಿಯೂ ಅರ್ಥ ಉಳಿಯುವುದು ನಮಗೆ ದೊರೆತ ಭಾಗ್ಯ.

ಇಷ್ಟು ಬಿರುಸಾಗಿ ಬರೆಯುವುದಕ್ಕೆ ಕಾರಣವೊಂದುಂಟು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಬ್ಬ ಹುಡುಗನು ಪರೀಕ್ಷೆಯಲ್ಲಿ ಬರೆದಿದ್ದ ಪರ್ಯಾಯಪದವೊಂದನ್ನು, ಉತ್ತರಪಟ್ಟಿಯಲ್ಲಿ ಇಲ್ಲವೆಂಬ ಒಂದೇ ಕಾರಣದಿಂದ ಹೊಡೆದುಹಾಕಿದೆನು. “ಏಕೆ ತಪ್ಪು, ಮೇಷ್ಟ್ರೇ?” ಎಂದು ಅವನು ಕೇಳಿದನು. “ಪಟ್ಟಿಯಲ್ಲಿ ಇಲ್ಲ, ಕುಳಿತುಕೋ” ಎಂದೆನು. ಅಮರಕೋಶವನ್ನು ಬಾಯಿಪಾಠ ಮಾಡಿದ್ದ ನಾನು ಆಡಿದ ಮಾತು ಇದು! ಆ ಹುಡುಗನು ಅನಂತರ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ. ಮೊಮ್ಮಗಳು ಪತ್ರಿಕೆಯನ್ನು ಹಿಡಿದು ನಿಂತಾಗ ನನಗೆ ಕಂಡದ್ದು ಅವನ ಮುಖ. ಈಗ ಉತ್ತರವಂತೂ ಕೈಯಲ್ಲಿರುವ ಫೋನಿನಲ್ಲಿಯೇ ಕ್ಷಣದಲ್ಲಿ ದೊರೆಯುತ್ತದೆ. ‘ಏಕೆ’ ಎಂದು ಕೇಳುವ ಅಭ್ಯಾಸವನ್ನೂ ನಾವೇ ಕೆಡಿಸಿದರೆ ಮಕ್ಕಳಿಗೆ ಉಳಿಸಿ ಹೋಗುವುದೇನು?

ಆದುದರಿಂದ ನಮ್ಮ ಪರಿಷತ್ತಿನ ಸಂಪಾದಕಮಂಡಲಿಯವರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಪ್ರತಿ ಸಂಚಿಕೆಯಲ್ಲಿ ಒಂದು ಪುಟವನ್ನು ಇದಕ್ಕೆ ಕೊಡಿರಿ. ಸುಳಿವು ನಾಲ್ಕೇ ಇರಲಿ; ಮುಂದಿನ ತಿಂಗಳು ನಾಲ್ಕಕ್ಕೂ ಉಪಪತ್ತಿ ಬರಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿಗಳ ಮನೆಮನೆಯಿಂದಲೂ ಮಕ್ಕಳು ಸುಳಿವುಗಳನ್ನು ಕಳುಹಿಸಲಿ. ಅವುಗಳನ್ನು ತಿದ್ದುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ. ತಿದ್ದಿದ ಪ್ರತಿಯೊಂದಕ್ಕೂ ಕಾರಣವನ್ನು ಬರೆದೇ ಹಿಂದಿರುಗಿಸುತ್ತೇನೆ.